ತೋಪಾದವರ ಪರ ವಕಾಲತ್ತು

1982ರ ಜೂನ್ 25, ಶುಕ್ರವಾರ. ಅಮೆರಿಕದಲ್ಲಿ ಅವತ್ತು ಎರಡು ಸಿನಿಮಾ ಒಟ್ಟಿಗೇ ತೆರೆಕಂಡವು. ಒಂದು ರಿಡ್ಲಿ ಸ್ಕಾಟ್‌ನ ‘ಬ್ಲೇಡ್ ರನ್ನರ್’, ಇನ್ನೊಂದು ಜಾನ್ ಕಾರ್ಪೆಂಟರ್‌ನ ‘ದ ಥಿಂಗ್’. ಎರಡೂ ಮಕಾಡೆ ಮಲಗಿದವು. ಬ್ಲೇಡ್ ರನ್ನರ್‌ಗೆ ಸುರಿದದ್ದು ಹತ್ತಿರ ಹತ್ತಿರ ಮೂರು ಕೋಟಿ ಡಾಲರ್. ಮೊದಲ ಓಟದಲ್ಲಿ ಅಷ್ಟು ಅಲ್ಲಿ ಹುಟ್ಟಲಿಲ್ಲ. ಥಿಂಗ್ ಮೊದಲ ವಾರಾಂತ್ಯದಲ್ಲೇ ಎಂಟನೇ ಸ್ಥಾನದಲ್ಲಿ ಕೂತಿತು. ಎರಡು ವಾರ ಮುಂಚೆ ಸ್ಪೀಲ್‌ಬರ್ಗ್‌ನ ‘ಇ.ಟಿ.’ ಬಂದಿತ್ತಲ್ಲ! ಬೇರೆ ಲೋಕದ ಅತಿಥಿ ಮಕ್ಕಳ ಜೊತೆ ಸೈಕಲ್ ಮೇಲೆ ಆಕಾಶಕ್ಕೆ ಹಾರುವುದನ್ನು ಕಂಡು ಕಣ್ಣೊರೆಸಿಕೊಳ್ಳುತ್ತಿದ್ದ ಸಂಸಾರಗಳಿಗೆ, ನಾಯಿಯ ಮುಖ ಸೀಳಿಕೊಂಡು ಹೊರಬರುವ ಅನ್ಯಜೀವಿ ಯಾಕೆ ಬೇಕು? ತಮಾಷೆಯೆಂದರೆ ಇ.ಟಿ. ಮತ್ತು ಥಿಂಗ್ ಎರಡನ್ನೂ ಬಿಡುಗಡೆ ಮಾಡಿದ್ದು ಒಂದೇ ಕಂಪನಿ, ಯೂನಿವರ್ಸಲ್.

ಥಿಂಗ್‌ನ ಕಥೆ ಎರಡು ಮಾತಿನದು. ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರವೊಂದರಲ್ಲಿ ಹನ್ನೆರಡು ಗಂಡಸರು, ಅವರ ನಡುವೆ ಯಾರ ರೂಪವನ್ನಾದರೂ ತಾಳಬಲ್ಲ ಒಂದು ಜೀವಿ. ಮೂಲ, ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ 1938ರಲ್ಲಿ ಬರೆದ ನೀಳ್ಗತೆ. 1951ರಲ್ಲೇ ಅದು ಒಮ್ಮೆ ಸಿನಿಮಾ ಆಗಿತ್ತು, ಆದರೆ ರೂಪ ಬದಲಿಸುವ ಸಂಗತಿಯನ್ನೇ ಕೈಬಿಟ್ಟು. ಕಾರ್ಪೆಂಟರ್ ಅದನ್ನೇ ಗಟ್ಟಿಯಾಗಿ ಹಿಡಿದ. ರಕ್ತಪರೀಕ್ಷೆಯ ದೃಶ್ಯವನ್ನು ನೋಡಿ. ನಾಯಕ ಮ್ಯಾಕ್‌ರೆಡಿ ಎಲ್ಲರ ರಕ್ತ ತೆಗೆದು, ಕಾಯಿಸಿದ ತಂತಿಯನ್ನು ಒಂದೊಂದಕ್ಕೇ ಮುಟ್ಟಿಸುತ್ತಾನೆ. ಮನುಷ್ಯನ ರಕ್ತವಾದರೆ ಚುಯ್ ಎಂದು ಸುಮ್ಮನಾಗುತ್ತದೆ. ಆ ಜೀವಿಯದಾದರೆ ಪ್ರಾಣ ಉಳಿಸಿಕೊಳ್ಳಲು ತಾನೇ ಓಡಬೇಕು. ನಿರ್ದೇಶಕನ ಚಾಲಾಕಿತನ ಇರುವುದು ರಕ್ತ ಹಾರುವ ಗಳಿಗೆಯ ಆಯ್ಕೆಯಲ್ಲಿ. ಮ್ಯಾಕ್‌ರೆಡಿ ತಾನು ಅನುಮಾನಿಸಿದವನ ಜೊತೆ ಮಾತಿಗೆ ಮಾತು ಬೆಳೆಸುತ್ತಾ, ಅರೆಗಮನದಲ್ಲಿ ಇನ್ಯಾರದೋ ಬಟ್ಟಲಿಗೆ ತಂತಿ ಅದ್ದುತ್ತಾನೆ. ನಮ್ಮ ಗಮನವೂ ಆ ಜಗಳದ ಕಡೆಗೇ ಇರುತ್ತದೆ. ಆಗ ರಕ್ತ ಎಗರುತ್ತದೆ.

ಕಂಪ್ಯೂಟರ್ ಗ್ರಾಫಿಕ್ಸ್ ಕೈಗೆ ಸಿಗದ ಕಾಲ ಅದು. ಇಪ್ಪತ್ತೆರಡರ ಆಸುಪಾಸಿನ ರಾಬ್ ಬಾಟಿನ್ ಎಂಬ ಹುಡುಗ ರಬ್ಬರು, ಮೇಯೋನೀಸು, ಸ್ಟ್ರಾಬೆರಿ ಜಾಮು, ಬಬಲ್‌ಗಮ್ಮು ಕಲಸಿ ಆ ಭೂತಗಳನ್ನು ಮಾಡಿದ. ರಜೆಯಿಲ್ಲದೆ ದುಡಿದು, ಕೊನೆಗೆ ಬಳಲಿ ಆಸ್ಪತ್ರೆ ಸೇರಿದ. ವಿಮರ್ಶಕರಿಗೆ ಅದರಲ್ಲಿ ಕಂಡದ್ದು ಅಸಹ್ಯ ಮಾತ್ರ. ಕಾರ್ಪೆಂಟರ್‌ಗೆ ಬಂದಿದ್ದ ‘ಫೈರ್‌ಸ್ಟಾರ್ಟರ್’ ಚಿತ್ರ ಕೈತಪ್ಪಿತು. ಎನ್ನಿಯೋ ಮೊರಿಕೋನೆಯ ಹಿನ್ನೆಲೆ ಸಂಗೀತಕ್ಕಂತೂ ಆ ವರ್ಷದ ‘ಅತಿ ಕೆಟ್ಟ ಸಂಗೀತ’ದ ರಾಝಿ ನಾಮನಿರ್ದೇಶನದ ಮಂಗಳಾರತಿ ಆಯಿತು. ಅದೇ ಚಿತ್ರಕ್ಕೆಂದು ಬರೆದು ಬಳಸದೇ ಬಿಟ್ಟಿದ್ದ ಸ್ವರಗಳನ್ನು ಕ್ವೆಂಟಿನ್ ಟ್ಯಾರಂಟಿನೋ 2015ರ ‘ದ ಹೇಟ್‌ಫುಲ್ ಎಯ್ಟ್’ಗೆ ತಂದುಕೊಂಡ, ಆ ಚಿತ್ರದ ಸಂಗೀತಕ್ಕೆ ಮುದುಕ ಮೊರಿಕೋನೆಗೆ ಆಸ್ಕರ್ ಬಂತು. ನಗಬೇಕೋ ಅಳಬೇಕೋ ತಿಳಿಯದು.

ಈಗ ನನ್ನ ವಾದ. ಮಾಮೂಲಿ ಪ್ರೇಮಕಥೆ, ಪೊಲೀಸ್ ಕಥೆಗೆ ಲೋಕವನ್ನು ಹೊಸದಾಗಿ ಕಟ್ಟಿಕೊಡುವ ಕೆಲಸವಿಲ್ಲ. ಬೀದಿ, ಮನೆ, ಠಾಣೆ ನಮಗೆ ಗೊತ್ತು. ವೈಜ್ಞಾನಿಕ ಕಲ್ಪನೆಯ, ಅದ್ಭುತ ಕಥೆಯ ಸಿನಿಮಾ ಮಾತ್ರ ನೆಲದಿಂದ ಹಿಡಿದು ಎಲ್ಲವನ್ನೂ ತಾನೇ ಹಾಸಬೇಕು. ಅಲ್ಲಿ ಯಾವುದು ಸಹಜ, ಯಾವುದು ಅಸಹಜ ಎಂದು ಕಣ್ಣಿಗೆ ರೂಢಿಯಾಗುವ ಹೊತ್ತಿಗೆ ಮಧ್ಯಂತರ ಕಳೆದಿರುತ್ತದೆ. ಎರಡನೇ ಸಲ ನೋಡಿದಾಗಲೇ ಕಥೆ ಕಥೆಯಾಗಿ ಕಾಣುವುದು. ಆದರೆ ಆ ನೆಲ ಹಾಸುವುದಕ್ಕೆ ಭಾರೀ ದುಡ್ಡು ಬೇಕು, ಮತ್ತು ಭಾರೀ ದುಡ್ಡು ಮೊದಲ ಶುಕ್ರವಾರದಿಂದ ಭಾನುವಾರದೊಳಗೆ ವಾಪಸು ಕೇಳುತ್ತದೆ. ಸೋಮವಾರ ಕುರ್ಚಿ ಖಾಲಿಯಿದ್ದರೆ ಎತ್ತಂಗಡಿ. ಎರಡನೇ ನೋಟ ಬೇಡುವ ಸಿನಿಮಾಕ್ಕೆ ಎರಡನೇ ವಾರವೇ ಇಲ್ಲದಂತೆ ಲೆಕ್ಕ ಹೂಡಿದ್ದಾರೆ. ಅದಕ್ಕೇ ಈ ಜಾತಿಯ ಚಿತ್ರಗಳಲ್ಲಿ ತೋಪಾದವುಗಳ ಸಾಲು ಇಷ್ಟು ಉದ್ದ.

ಸ್ಟುಡಿಯೋಗಳಿಗೂ ಇದರ ವಾಸನೆ ಇದೆ. ಜನಕ್ಕೆ ಅರ್ಥವಾಗದೆಂದು ಹೆದರಿ ಬ್ಲೇಡ್ ರನ್ನರ್‌ಗೆ ಹ್ಯಾರಿಸನ್ ಫೋರ್ಡ್ ದನಿಯಲ್ಲಿ ನಿರೂಪಣೆ ಅಂಟಿಸಿದರು. ಮಳೆ, ಹೊಗೆ, ನಿಯಾನ್ ದೀಪಗಳ ಲಾಸ್ ಏಂಜಲೀಸ್‌ನಿಂದ ನಾಯಕ ನಾಯಕಿ ಹಸಿರು ಬೆಟ್ಟಗಳ ಕಡೆ ಕಾರಿನಲ್ಲಿ ಹೋಗುವ ಸುಖಾಂತ್ಯವೊಂದನ್ನೂ ಹೊಲಿದರು. ಬೆಟ್ಟಗಳ ಆ ತುಣುಕು ಕುಬ್ರಿಕ್‌ನ ‘ದ ಶೈನಿಂಗ್’ನಲ್ಲಿ ಬಳಕೆಯಾಗದೆ ಉಳಿದಿದ್ದ ಫಿಲ್ಮು! ಈ ಎಲ್ಲ ಕಸರತ್ತಿನ ನಂತರವೂ ಜನ ಬರಲಿಲ್ಲ. 1990ರಲ್ಲಿ ಲಾಸ್ ಏಂಜಲೀಸ್‌ನ ಒಂದು ಚಿತ್ರಮಂದಿರಕ್ಕೆ ನಿರೂಪಣೆ ಅಂಟದ ಹಳೆಯ ಪ್ರತಿ ಅಕಸ್ಮಾತ್ತಾಗಿ ತಲುಪಿ, ನೋಡಿದವರು ಬೆರಗಾದರು. 1992ರಲ್ಲಿ ನಿರ್ದೇಶಕನ ಆವೃತ್ತಿ, 2007ರಲ್ಲಿ ಅಂತಿಮ ಆವೃತ್ತಿ ಬಂದವು. ಅಷ್ಟರಲ್ಲಿ ಎರಡನೇ ನೋಟದ ಭಾಗ್ಯವನ್ನು ವಿಡಿಯೊ ಕ್ಯಾಸೆಟ್ಟು ಕೊಟ್ಟಾಗಿತ್ತು. ಕಲರ್ ಟಿವಿ, ವಿಸಿಪಿ ಬಾಡಿಗೆಗೆ ತಂದು ಬೆಳಗಾಗುವವರೆಗೆ ಸಿನಿಮಾ ನೋಡಿದ ನಮ್ಮೂರ ತಲೆಮಾರಿಗೆ ಆ ಭಾಗ್ಯದ ಬೆಲೆ ಗೊತ್ತು. ಥಿಂಗ್ ಕೂಡ ಹಾಗೆಯೇ ಬದುಕಿತು. ದಕ್ಷಿಣ ಧ್ರುವದ ಕೇಂದ್ರದಲ್ಲಿ ಚಳಿಗಾಲಕ್ಕೆ ಉಳಿಯುವವರು, ಕೊನೆಯ ವಿಮಾನ ಹೊರಟಮೇಲೆ ಒಟ್ಟಿಗೆ ಕೂತು ಅದನ್ನೇ ನೋಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಗುಂಡಿಗೆ ಬೇಕು.

ಹಾಗಾಗಿ ಇವೆರಡಕ್ಕೆ ಈಗ ವಕೀಲರ ಅಗತ್ಯವಿಲ್ಲ. ಸೋತ ಸಿನಿಮಾಗಳ ಪರ ಬರೆಯುವವರು ಮಾತ್ರ ಪ್ರತಿಸಲ ಇವೆರಡನ್ನೇ ಕಟಕಟೆಗೆ ಕರೆತಂದು, ನೋಡಿ ಕಾಲವೇ ನ್ಯಾಯ ಕೊಟ್ಟಿತು ಎನ್ನುತ್ತಾರೆ. ನನ್ನ ತಕರಾರು ಇದಕ್ಕೇ. ಅಂದು ತಲೆ ಎಣಿಸಿದರು, ಇಂದೂ ತಲೆಯನ್ನೇ ಎಣಿಸುತ್ತಿದ್ದೇವೆ. ನಡುವೆ ನಲವತ್ತು ವರ್ಷ ಬಿಟ್ಟೆವು, ಅಷ್ಟೇ. ಗಲ್ಲಾಪೆಟ್ಟಿಗೆಯ ತೀರ್ಪು ತಪ್ಪಾದರೆ ಯಾರೂ ಮೇಲ್ಮನವಿ ಹಾಕದ ಪ್ರಕರಣಗಳಲ್ಲೂ ತಪ್ಪೇ. ಹಾಗೆಂದು ಸೋತದ್ದೆಲ್ಲ ರತ್ನವಲ್ಲ. ಜಾನ್ ಟ್ರವೋಲ್ಟಾನ ‘ಬ್ಯಾಟಲ್‌ಫೀಲ್ಡ್ ಅರ್ತ್’ (2000) ಕೇಸು ತಂದರೆ ನಾನು ಫೀಸು ವಾಪಸು ಕೊಟ್ಟು ಕಳಿಸುತ್ತೇನೆ. ಕ್ಯಾಮೆರಾ ಓರೆಯಾಗಿಟ್ಟರೆ ಭವಿಷ್ಯ ಕಾಣುತ್ತದೆಂದು ನಂಬಿದ ಚಿತ್ರ ಅದು.

ನಾನು ವಕಾಲತ್ತು ಹಾಕುವುದು ‘ಜಾನ್ ಕಾರ್ಟರ್’ ಪರವಾಗಿ. 2012ರ ಮಾರ್ಚ್ 9ರಂದು ಬಂದದ್ದು. ಖರ್ಚು ಇಪ್ಪತ್ತೈದು ಕೋಟಿ ಡಾಲರ್‌ಗೂ ಮೇಲೆ. ಜಗತ್ತಿನಾದ್ಯಂತ ಟಿಕೆಟ್ ಮಾರಾಟ ಇಪ್ಪತ್ತೆಂಟು ಕೋಟಿ ಮುಟ್ಟಿತಾದರೂ ಅದರಲ್ಲಿ ಚಿತ್ರಮಂದಿರಗಳ ಪಾಲು ಕಳೆದು, ಪ್ರಚಾರದ ಖರ್ಚು ಕೂಡಿದರೆ ಹಳ್ಳವೇ. ಬಿಡುಗಡೆಯಾದ ಹತ್ತೇ ದಿನಕ್ಕೆ ಡಿಸ್ನಿ ಕಂಪನಿ ಸುಮಾರು ಇಪ್ಪತ್ತು ಕೋಟಿ ಡಾಲರ್ ನಷ್ಟ ಎಂದು ತಾನೇ ಘೋಷಿಸಿತು. ಮರುತಿಂಗಳು ಸ್ಟುಡಿಯೋ ಮುಖ್ಯಸ್ಥ ಕುರ್ಚಿ ಬಿಟ್ಟ. ತನ್ನ ಕೂಸಿಗೆ ಚಿತ್ರಮಂದಿರದಲ್ಲಿ ಉಸಿರಿರುವಾಗಲೇ ತಿಥಿಯ ದಿನ ಗೊತ್ತುಮಾಡಿದ ಕಂಪನಿಯನ್ನು ನಾನು ಬೇರೆ ನೋಡಿಲ್ಲ.

ಪ್ರಚಾರವೂ ಹಾಗೇ ಇತ್ತು. ಎಡ್ಗರ್ ರೈಸ್ ಬರೋಸ್‌ನ ಮೂಲ ಕಾದಂಬರಿ ‘ಎ ಪ್ರಿನ್ಸೆಸ್ ಆಫ್ ಮಾರ್ಸ್’. ಹೆಸರಿನಿಂದ ರಾಜಕುಮಾರಿ ಹೋದಳು, ಆಮೇಲೆ ಮಂಗಳ ಗ್ರಹವೂ ಹೋಯಿತು. ಉಳಿದದ್ದು ಯಾವುದೋ ವಿಮಾ ಏಜೆಂಟನ ಹೆಸರಿನಂಥ ಜಾನ್ ಕಾರ್ಟರ್. ಆ ಕಥೆ 1912ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಕಾರ್ಲ್ ಸೇಗನ್ ಅದನ್ನು ಓದಿ ಮಂಗಳದ ಮೋಹಕ್ಕೆ ಬಿದ್ದು, ದೊಡ್ಡ ವಿಜ್ಞಾನಿಯಾದ ಮೇಲೂ ಬರೋಸ್‌ನ ಮಂಗಳದ ನಕ್ಷೆಯನ್ನು ತನ್ನ ಕಚೇರಿಯ ಹೊರಗೆ ತೂಗುಹಾಕಿದ್ದ. ‘ಸ್ಟಾರ್ ವಾರ್ಸ್’, ‘ಅವತಾರ್’ ಎರಡೂ ಈ ಭಂಡಾರದಿಂದ ಕೈಗಡ ಪಡೆದವು. ನೂರು ವರ್ಷ ತಡವಾಗಿ ಮೂಲವೇ ಬಂದಾಗ ಜನ ಅದನ್ನು ನಕಲು ಎಂದುಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಡಿಸ್ನಿ ಸ್ಟಾರ್ ವಾರ್ಸ್‌ನ ಒಡೆತನವನ್ನೇ ಕೊಳ್ಳುವುದಾಗಿ ಪ್ರಕಟಿಸಿತು. ಕಾರ್ಟರ್‌ನ ಮುಂದಿನ ಭಾಗಗಳ ಮಾತು ಅಲ್ಲಿಗೆ ನಿಂತಿತು.

ಚಿತ್ರದ ದೋಷಗಳನ್ನು ನಾನು ಮುಚ್ಚಿಡುವುದಿಲ್ಲ. ‘ಫೈಂಡಿಂಗ್ ನೀಮೋ’, ‘ವಾಲ್-ಇ’ ಮಾಡಿದ ಆಂಡ್ರ್ಯೂ ಸ್ಟ್ಯಾಂಟನ್ ಮೊದಲ ಸಲ ಜೀವಂತ ನಟರ ಜೊತೆ ಕೆಲಸ ಮಾಡಿದ್ದು ಇಲ್ಲಿ. ಸಿನಿಮಾ ಮೂರು ಸಲ ಶುರುವಾಗುತ್ತದೆ: ಮೊದಲು ಮಂಗಳದ ಆಕಾಶದಲ್ಲಿ ಯುದ್ಧ, ಆಮೇಲೆ ನ್ಯೂಯಾರ್ಕಿನಲ್ಲೊಂದು ಸಾವು, ಆಮೇಲೆ ಅರಿಝೋನಾದ ಬಂಗಾರದ ಹುಡುಕಾಟ. ಖಳನಾಯಕರ ಉದ್ದೇಶ ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಆದರೆ ಭೂಮಿಯಿಂದ ಮಂಗಳಕ್ಕೆ ಬಂದುಬಿದ್ದ ಕಾರ್ಟರ್ ಅಲ್ಲಿನ ಕಡಿಮೆ ಗುರುತ್ವದ ನೆಲದಲ್ಲಿ ನಡೆಯಲು ಕಲಿಯುವುದನ್ನು ನೋಡಿ. ಹೆಜ್ಜೆ ಇಟ್ಟರೆ ಹಾರಿ, ಮೂತಿ ಮುಂದಾಗಿ ಬೀಳುತ್ತಾನೆ. ಹಾರಬಲ್ಲೆ ಎಂಬುದು ಅವನಿಗೆ ಸುಮಾರು ಹೊತ್ತು ಪೇಚಾಟವೇ. ನಡುವೆ ಒಂದು ಕಾಳಗವಿದೆ. ಅವನೊಬ್ಬನೇ ಹಸಿರು ಮೈಯ, ನಾಲ್ಕು ತೋಳಿನ ದಂಡಿನ ಮೇಲೆ ಬೀಳುತ್ತಾನೆ. ಪ್ರತಿ ಕತ್ತಿಯೇಟಿನ ನಡುವೆ, ಭೂಮಿಯಲ್ಲಿ ಸುಟ್ಟ ಮನೆಯ ಮುಂದೆ ಅವನು ಹೆಂಡತಿ ಮಗಳಿಗೆ ಗುಂಡಿ ತೋಡುತ್ತಿರುವುದು ಕಾಣುತ್ತದೆ. ಕತ್ತಿ ಎತ್ತುತ್ತಾನೆ, ಸಲಿಕೆ ಇಳಿಯುತ್ತದೆ. ಮೈಕಲ್ ಜಿಯಾಕಿನೋನ ಸಂಗೀತ ಯುದ್ಧದ ನಗಾರಿಯನ್ನು ಬಿಟ್ಟು ಶೋಕಕ್ಕೆ ಹೊರಳುತ್ತದೆ. ಕೋಟಿ ಕೋಟಿ ಗಳಿಸಿದ ಸೂಪರ್ ಹೀರೋ ಚಿತ್ರಗಳ ಕಾಳಗಗಳಲ್ಲಿ ಇದರ ಪಕ್ಕ ನಿಲ್ಲುವಂಥದ್ದನ್ನು ನಾನಂತೂ ಕಂಡಿಲ್ಲ.

ನೋಡುವ ಮನಸ್ಸಾದರೆ ಒಂದು ಕಿವಿಮಾತು. ಆ ಮೂರು ಆರಂಭಗಳನ್ನು ಹಲ್ಲು ಕಚ್ಚಿ ದಾಟಿಬಿಡಿ. ಊಲಾ ಎಂಬ ಹತ್ತು ಕಾಲಿನ ಕಾವಲು ಪ್ರಾಣಿಯೊಂದು ಬರುತ್ತದೆ. ನೋಡಲು ಕಪ್ಪೆ, ಸ್ವಭಾವದಲ್ಲಿ ನಾಯಿ, ಓಟದಲ್ಲಿ ಬಿರುಗಾಳಿ. ಅಲ್ಲಿಂದ ಮುಂದೆ ನಿಮ್ಮನ್ನು ಕೂರಿಸುವ ಜವಾಬ್ದಾರಿ ಅದರದ್ದು.