ಬನ ಉಳಿಸಿದ್ದು ಭಕ್ತಿಯೇ? ಕಾಸರಗೋಡಿನ ‘ದೇವರ ಕಾಡು’ ಬರವಣಿಗೆಯ ಒಂದು ವಿಮರ್ಶೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹ ರೂಪ)

ಇವತ್ತು ನಾನು ವಿಮರ್ಶೆಗೆ ತೆಗೆದುಕೊಂಡದ್ದು ಒಂದೇ ಒಂದು ವಾಕ್ಯವನ್ನು: ‘ನಂಬಿಕೆ ಇದ್ದದ್ದರಿಂದ ಕಾಡು ಉಳಿಯಿತು.’ ನಾಗಬನ, ಭೂತದ ಬನ, ಕಾವುಗಳ ಬಗ್ಗೆ ನಮ್ಮ ಕಡೆಯಲ್ಲಿ ಬರುವ ಲೇಖನ, ಪ್ರಬಂಧ, ಸ್ಮರಣ ಸಂಚಿಕೆ ಯಾವುದನ್ನು ತೆರೆದರೂ ಈ ವಾಕ್ಯ ಯಾವುದಾದರೊಂದು ರೂಪದಲ್ಲಿ ಇದ್ದೇ ಇರ್ತದೆ. ಅದರ ಬೆನ್ನಿಗೇ ಇನ್ನೊಂದು ವಾಕ್ಯ: ‘ಈಗ ನಂಬಿಕೆ ಹೋಯಿತು, ಕಾಡೂ ಹೋಯಿತು.’ ಕೇಳಲಿಕ್ಕೆ ಚಂದ ಉಂಟು. ಆದರೆ ಕಾಸರಗೋಡಿನ ನೆಲದ ಮೇಲೆ ನಿಂತು ನೋಡಿದರೆ ಎರಡೂ ಅರ್ಧ ಮಾತ್ರ ಸರಿ. ಈ ಅರ್ಧ ಸತ್ಯವನ್ನು ನಂಬಿಕೊಂಡು ಹೋದರೆ ಉಳಿದಿರುವ ಬನಗಳನ್ನೂ ನಾವು ಕಳೆದುಕೊಳ್ತೇವೆ.

ಈ ಓದಿಗೆ ಒಂದು ಗಟ್ಟಿಯಾದ ಹಿನ್ನೆಲೆ ಇದೆ. ಮಾಧವ ಗಾಡ್ಗೀಳ್ ಮತ್ತು ವಿ.ಡಿ. ವರ್ತಕ್ 1976ರಲ್ಲಿ ಪಶ್ಚಿಮ ಘಟ್ಟದ ದೇವರ ಕಾಡುಗಳ ಬಗ್ಗೆ ಬರೆದ ಲೇಖನ, ದೇವರಿಗೆ ಬಿಟ್ಟ ತುಂಡು ಕಾಡಿಗೂ ವಿಜ್ಞಾನದ ದೃಷ್ಟಿಯಲ್ಲಿ ಬೆಲೆ ಉಂಟು ಎಂದು ತೋರಿಸಿತು. ಆ ಉಪಕಾರ ದೊಡ್ಡದು. ಆದರೆ ನಮ್ಮವರು ಅದರಿಂದ ಎತ್ತಿಕೊಂಡದ್ದು ‘ನಂಬಿಕೆ’ ಎಂಬ ಪದವನ್ನು ಮಾತ್ರ. ಬನದ ನೆಲ ಯಾರದ್ದು, ಯಾವ ಕಾನೂನಿನ ಕೆಳಗೆ ಇತ್ತು ಎಂಬ ಪ್ರಶ್ನೆ ಹಿಂದೆ ಉಳಿಯಿತು.

ಅಲ್ಲಿಂದಲೇ ಶುರು ಮಾಡೋಣ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಇಲ್ಲಿನ ಹಲವು ಸಮುದಾಯಗಳಲ್ಲಿ ಅಳಿಯ ಸಂತಾನದ ಕುಟುಂಬಗಳು, ತೆಂಕು ಭಾಗದಲ್ಲಿ ಮರುಮಕ್ಕತ್ತಾಯದ ತರವಾಡುಗಳು. ಕುಟುಂಬದ ಆಸ್ತಿ ಪಾಲಾಗದೆ ಇರುವಷ್ಟು ಕಾಲ ಕುಟುಂಬದ ಬನವೂ ಪಾಲಾಗಲಿಲ್ಲ. ಒಬ್ಬ ಕತ್ತಿ ಎತ್ತಿದರೆ ಕೇಳಲಿಕ್ಕೆ ಇನ್ನೂ ಹತ್ತು ಜನ ಹಕ್ಕುದಾರರು ಇದ್ದರು. ನಾಗನ ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಹೆದರಿಕೆಗೆ ಬೇಲಿಯಾಗಿ ನಿಂತದ್ದು ಅವಿಭಕ್ತ ಹಕ್ಕು. 1949ರ ಮದ್ರಾಸ್ ಅಳಿಯ ಸಂತಾನ ಕಾಯ್ದೆ ಪಾಲಿಗೆ ದಾರಿ ತೆರೆಯಿತು. 1975ರ ಕೇರಳದ ಕಾಯ್ದೆ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡಿತು. ಆ ಕಾನೂನುಗಳು ಹೆಂಗಸರಿಗೂ ಕಿರಿಯರಿಗೂ ತಮ್ಮದೆನ್ನುವ ಪಾಲನ್ನು ಕೊಟ್ಟವು. ಅವನ್ನು ದೂರುವುದು ನನ್ನ ಉದ್ದೇಶವಲ್ಲ. ನಾನು ಹೇಳುವುದು ಇಷ್ಟೇ: ಎಕರೆಯಲ್ಲಿ ಇದ್ದ ನೆಲ ಸೆಂಟ್ಸಿಗೆ ಇಳಿದಾಗ ಬನದ ಅಂಚು ಯಾರದೋ ಹತ್ತು ಸೆಂಟ್ಸ್ ಆಯಿತು, ಆ ಹತ್ತು ಸೆಂಟ್ಸಿನಲ್ಲಿ ಮನೆ ಬಂತು. ಮನೆ ಕಟ್ಟಿದವರು ನಾಸ್ತಿಕರಲ್ಲ. ನಾಗರಪಂಚಮಿಗೆ ತಪ್ಪದೆ ತಂಬಿಲ ಕೊಡುವವರೇ.

ಎರಡನೆಯ ಮಾತು ಇನ್ನೂ ಕಷ್ಟದ್ದು. ಭಕ್ತಿ ಕಡಿಮೆಯಾದಲ್ಲಿ ಬನ ಹೋದಂತೆ ಭಕ್ತಿ ಹೆಚ್ಚಿದಲ್ಲಿಯೂ ಹೋಗಿದೆ. ಪ್ರಶ್ನೆ ಇಡಿಸುತ್ತಾರೆ, ಜೀರ್ಣೋದ್ಧಾರ ಆಗಬೇಕು ಎಂದು ಬರ್ತದೆ, ಸಮಿತಿ ಆಗ್ತದೆ. ಬಳ್ಳಿ, ಬೆತ್ತ, ಮುಂಡಾಸಿನಂತೆ ಸುತ್ತಿಕೊಂಡ ಬೀಳಲು ಎಲ್ಲ ‘ಕ್ಲೀನ್’ ಆಗಿ, ಕಾಂಕ್ರೀಟಿನ ಕಟ್ಟೆ, ಸುತ್ತ ಇಂಟರ್‌ಲಾಕ್, ನೆರಳಿಗೆ ತಗಡಿನ ಚಪ್ಪರ. ದೇವರು ಉಳಿದ, ಬನ ಹೋಯಿತು. ಮಂಜೇಶ್ವರದಿಂದ ಉಡುಪಿಯವರೆಗೆ ಈ ನೋಟ ನಿಮಗೆಲ್ಲ ಗೊತ್ತಿರುವುದೇ. ‘ನಂಬಿಕೆಯೇ ರಕ್ಷಣೆ’ ಎಂಬ ಸಿದ್ಧಾಂತದ ಹತ್ತಿರ ಇದಕ್ಕೆ ಉತ್ತರ ಇಲ್ಲ. ಯಾಕೆಂದರೆ ಇಲ್ಲಿ ನಂಬಿಕೆಗೆ ಏನೂ ಆಗಿಲ್ಲ.

ಮೂರನೆಯದು ನೀರಿನ ಮಾತು. ನಮ್ಮ ಬಡಗು ಕಾಸರಗೋಡಿನಲ್ಲಿ ಸುರಂಗ ಅಂದರೆ ಎಲ್ಲರಿಗೂ ಗೊತ್ತು: ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಪಂಪಿಲ್ಲದೆ ತಾನಾಗಿ ಹರಿದು ಬರುವ ನೀರು. ಆ ನೀರು ಇಳಿಯುವುದು ಮೇಲಿನ ಅಡ್ಕದಿಂದ. ಅಡ್ಕ, ಪದವು ಅಂದರೆ ಕಂದಾಯದ ಕಣ್ಣಿಗೆ ಪಾಳು ನೆಲ. ಹಾಗಾಗಿ ಮನೆ ಜಾಗೆಗೆ, ಕೆಂಪುಕಲ್ಲಿನ ಕೋರೆಗೆ ಮೊದಲು ಬಲಿಯಾಗುವುದೂ ಅದೇ. ಅಡ್ಕದ ಬುಡದಲ್ಲಿ ತಂಪಿಗೆ ನಿಂತಿರುವ ಬನ ಎಷ್ಟು ಇಲ್ಲ ನಮ್ಮಲ್ಲಿ? ಬನದ ಒಂದು ಮರವನ್ನೂ ಮುಟ್ಟದೆ, ಮೇಲಿನ ಅಡ್ಕವನ್ನು ಸಮತಟ್ಟು ಮಾಡಿ ಮನೆ ಕಟ್ಟಿದರೆ ಸಾಕು, ಕೆಳಗೆ ಬನವೂ ಸುರಂಗವೂ ಒಟ್ಟಿಗೆ ಒಣಗಲಿಕ್ಕೆ. ‘ದೇವರ ಕಾಡು’ ಎಂಬ ಗೆರೆ ಎಳೆದವರಿಗೆ ಈ ಮೇಲಿನ ನೆಲ ಕಾಣುವುದೇ ಇಲ್ಲ. ಅಲ್ಲಿ ದೇವರೂ ಇಲ್ಲ, ಕಾಡೂ ಇಲ್ಲ.

ಇಲ್ಲಿಯೇ ಭಾಷೆಯ ವಿಷಯ ಬರ್ತದೆ. 2021ರಲ್ಲಿ ಕಾಸರಗೋಡಿನ ಊರ ಹೆಸರುಗಳನ್ನು ಮಲಯಾಳೀಕರಿಸುತ್ತಾರೆ ಎಂಬ ದೂರು ಎದ್ದಿತು, ಕೇರಳ ಸರಕಾರ ಅದನ್ನು ಅಲ್ಲಗಳೆಯಿತು. ಆಗ ನಾವು ಮಾಡಿದ ವಾದ ಅಭಿಮಾನದ್ದು. ನೆಲದ ವಾದವನ್ನು ಯಾರೂ ಎತ್ತಲಿಲ್ಲ. ಬೇಡಡ್ಕ ಎಂಬ ಹೆಸರಿನಲ್ಲಿ ಅಡ್ಕ ಇದೆ. ‘ಬೇಡಕಂ’ ಅಂದಾಗ ಅದು ಕಿವಿಗೆ ಬೀಳುವುದಿಲ್ಲ. ಕಾಸರಗೋಡು ಎಂಬ ಹೆಸರನ್ನೇ ಕಾಸರಕ ಮರದೊಂದಿಗೆ ಜೋಡಿಸಿ ಹೇಳುವವರಿದ್ದಾರೆ. ಅದೇ ಮರ, ಮಲಯಾಳದ ಕಾಞ್ಞಿರಂ, 2023ರಲ್ಲಿ ಜಿಲ್ಲೆಯ ಅಧಿಕೃತ ಮರವಾಗಿ ಘೋಷಣೆಯಾಯಿತು. ಊರ ಹೆಸರು ನೆಲದ ದಾಖಲೆಯೂ ಹೌದು. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯತಿಗೂ ಒಂದು ನಿರ್ವಹಣಾ ಸಮಿತಿ, ಒಂದು ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಆ ದಾಖಲೆಗೆ ‘ಅಡ್ಕ’, ‘ಪದವು’, ‘ಬನ’ ಎಂಬ ಪದಗಳನ್ನು ಅವುಗಳ ಅರ್ಥದೊಂದಿಗೆ ಸೇರಿಸುವ ಕೆಲಸ ಕನ್ನಡ ವಿಭಾಗದವರಲ್ಲದೆ ಯಾರು ಮಾಡಬೇಕು?

ಕಾನೂನು ಮೇಲಿನಿಂದಲೂ ಬರುತ್ತಾ ಇದೆ. ರಾಜಸ್ಥಾನದ ಓರಣಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪು ದೇವರ ಕಾಡುಗಳ ಸಮೀಕ್ಷೆಗೆ ಆದೇಶಿಸಿತು, ದೇಶಕ್ಕೆಲ್ಲ ಒಂದು ನೀತಿ ಬೇಕು ಎಂದಿತು. ಅದು ಬಂದದ್ದು ಗೋದಾವರ್ಮನ್ ಪ್ರಕರಣದ ಭಾಗವಾಗಿ; ಆ ಪ್ರಕರಣ 1995ರಲ್ಲಿ ಹುಟ್ಟಿದ್ದು ನೀಲಗಿರಿಯ ಗೂಡಲೂರಿನ ಮರ ಕಡಿತದಿಂದ, ಅಂದರೆ ನಮ್ಮ ಹಾಗೆಯೇ ಕನ್ನಡದ ಗಡಿಯಾಚೆಯ ನೆಲದಿಂದ. ಸ್ವಾಗತವೇ. ಆದರೆ ಬನವನ್ನು ಬರಿಯ ‘ಅರಣ್ಯ’ ಎಂದು ಬರೆದರೆ ಊರಿನವರ ಕೈಯಿಂದ ಅದು ಇಲಾಖೆಯ ಕೈಗೆ ಹೋಗುವ ಅಪಾಯವೂ ಉಂಟು.

ಹಾಗಾದರೆ ಸಮುದಾಯ ಅಂದರೆ ಯಾರು? ನಮ್ಮದೇ ಜಿಲ್ಲೆಯ ತೆಂಕಿಗೆ, ವಲಿಯಪರಂಬ ಪಂಚಾಯತಿನ ಇಡಯಿಲೆಕ್ಕಾಡು ಕಾವನ್ನು ನೋಡಿ. ಅಲ್ಲಿನ ಮಂಗಗಳಿಗೆ ಓಣಂ ಸಮಯದಲ್ಲಿ ಎಲೆ ಹಾಕಿ ಊಟ ಬಡಿಸುವುದು ಪತ್ರಿಕೆಗಳಲ್ಲಿ ಬರ್ತದೆ. ಆ ಊಟ ಕಾಡಿನ ಪ್ರಾಣಿಗೆ ಒಳ್ಳೆಯದೋ ಎಂಬ ಚರ್ಚೆ ಬೇರೆ. ನನಗೆ ಮುಖ್ಯ ಅನಿಸುವುದು, ಅದನ್ನು ನಡೆಸುವುದು ದೇವಸ್ಥಾನದ ಸಮಿತಿಯಲ್ಲ, ಊರಿನ ವಾಚನಾಲಯ. ವಾಚನಾಲಯಕ್ಕೆ ಯಾರೂ ಹೋಗಬಹುದು. ಬನದ ಪಕ್ಕದ ಬಾವಿಯ ನೀರು ಕುಡಿಯುವ ಬ್ಯಾರಿ ಮನೆಯವರಿಗೂ, ಕಾಲನಿಯ ಕೊರಗ ಮನೆಯವರಿಗೂ ಕುಟುಂಬದ ದೈವದ ಸಮಿತಿಯಲ್ಲಿ ಮಾತಿಲ್ಲ. ‘ನಂಬಿಕೆ ಇದ್ದವರ ಕಾಡು’ ಎಂದು ನಾವು ಬರೆದಷ್ಟು ಸಲ ಇವರನ್ನು ಆಚೆ ನಿಲ್ಲಿಸುತ್ತೇವೆ. ಆಮೇಲೆ ಬನದ ಅಂಚಿಗೆ ಜೆಸಿಬಿ ಬಂದಾಗ ಕೇಳುವವರು ಯಾರೂ ಇಲ್ಲ ಎಂದು ಗೋಳಾಡುತ್ತೇವೆ.

ಹಾಗೆಂದು ನಾಗನನ್ನು ಬಿಡಿ ಎನ್ನಲಿಕ್ಕೆ ನಾನು ಬಂದದ್ದಲ್ಲ. ನಾಗನ ಜೊತೆಗೆ ಪಾಲುಪಟ್ಟಿಯನ್ನೂ ಸುರಂಗವನ್ನೂ ಓದಿ ಎನ್ನುತ್ತೇನೆ. ಎಂ.ಎ. ಪ್ರಬಂಧ ಬರೆಯುವ ಗೆಳೆಯರು ಬನದ ಐತಿಹ್ಯವನ್ನು ಬರೆದುಕೊಳ್ಳುವಾಗ ಮೂರು ಪ್ರಶ್ನೆ ಹೆಚ್ಚು ಕೇಳಿ: ಈ ಜಾಗೆ ಯಾರ ಹೆಸರಿನಲ್ಲಿ ಉಂಟು? ಇದರ ಮೇಲ್ಗಡೆಯ ನೆಲ ಏನಾಗಿದೆ? ಇದರ ನೀರು ಯಾರ ಮನೆಗೆ ಹೋಗ್ತದೆ? ಉತ್ತರ ಸಿಕ್ಕಿದ ಮೇಲೆ ಅದನ್ನು ಪಂಚಾಯತಿನ ದಾಖಲೆಗೂ ಕೊಡಿ, ಕನ್ನಡದಲ್ಲಿಯೂ ಮಲಯಾಳದಲ್ಲಿಯೂ. ಗ್ರಂಥಾಲಯದ ಕಪಾಟಿನಲ್ಲಿ ಮಾತ್ರ ಇರುವ ಪ್ರಬಂಧಕ್ಕೆ ಜೆಸಿಬಿ ನಿಲ್ಲುವುದಿಲ್ಲ. ಸರ್ವೆ ನಂಬರಿನ ಎದುರು ಬರೆದ ಒಂದು ಸಾಲಿಗೆ ನಿಂತರೂ ನಿಂತೀತು.

ನನ್ನ ಮಾತು ಇಷ್ಟು. ಆಕ್ಷೇಪ ಇದ್ದವರು ದಯವಿಟ್ಟು ಮೈಕ್ ಆನ್ ಮಾಡಿ ಹೇಳಿ, ಚರ್ಚೆ ಆಗಲಿ.