ಸೆಕೆಂಡಿನ ಮುಳ್ಳು

ನಮ್ಮ ಹರಿಹರದ ಕಡೆ ಮದುವೆಯಲ್ಲಿ ಅಳಿಯನಿಗೆ ಸೂಟು, ಉಂಗುರದ ಜೊತೆ ವಾಚನ್ನೂ ಕೊಡುವುದುಂಟು. ಈಗೀಗ ಅದು ಕ್ರೋನೋಗ್ರಾಫೇ ಆಗಬೇಕು. ದೊಡ್ಡ ಡಯಲಿನೊಳಗೆ ಮೂರು ಪುಟ್ಟ ಡಯಲು, ಪಕ್ಕದ ತಿರುಪಿನ ಮೇಲೊಂದು ಕೆಳಗೊಂದು ಗುಂಡಿ. ಆ ಗುಂಡಿ ಒತ್ತಿದ ಮದುಮಗನನ್ನು ನಾನಂತೂ ನೋಡಿಲ್ಲ.

ಹೆಸರು ದೊಡ್ಡದು, ವಿಷಯ ಸಣ್ಣದು. ಕೈಗಡಿಯಾರದೊಳಗೊಂದು ಸ್ಟಾಪ್‌ವಾಚು, ಅಷ್ಟೆ. ಮೇಲಿನ ಗುಂಡಿ ಒತ್ತಿದರೆ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದನ್ನು ಒತ್ತಿದರೆ ಸೊನ್ನೆಗೆ ಮರಳುತ್ತದೆ. 1821ರಲ್ಲಿ ಪ್ಯಾರಿಸಿನ ಕುದುರೆ ಪಂದ್ಯದ ಹೊತ್ತನ್ನು ಶಾಯಿಯ ಚುಕ್ಕೆಯಿಂದ ಗುರುತಿಸುವ ಯಂತ್ರವನ್ನು ರಿಯುಸೆಕ್ ಎಂಬಾತ ಮಾಡಿದ. ‘ಕಾಲ ಬರೆಯುವುದು’ ಎಂಬ ಅರ್ಥದ ಹೆಸರು ಅದಕ್ಕೊಪ್ಪುವಂಥದೇ.

ನಮ್ಮವರ ಬಳಿಯೂ ಒಂದಿದೆ. ಒಂದು ರಾತ್ರಿ ಅತ್ತೆಯವರಿಗೆ ಉಬ್ಬಸ ಹೆಚ್ಚಾಯಿತು. ಡಾಕ್ಟರು ಮೊಬೈಲಿನಲ್ಲಿ, “ನಿಮಿಷಕ್ಕೆ ಎಷ್ಟು ಸಲ ಉಸಿರಾಡ್ತಾರೆ, ಎಣಿಸಿ ಹೇಳ್ರಿ” ಎಂದರು. ನನ್ನ ಕೈಯಲ್ಲಿ ತವರಿನವರು ಕೊಟ್ಟ ಲೇಡೀಸ್ ವಾಚು. ಅದಕ್ಕೆ ಎರಡೇ ಮುಳ್ಳು. ನಮ್ಮವರು ತಮ್ಮದನ್ನು ತಂದು ನೋಡಿ, “ಇದು ನಿಂತೇ ಹೋಗೇತಲ್ಲೇ” ಎಂದರು. ನಿಂತಿರಲಿಲ್ಲ. ಕ್ರೋನೋಗ್ರಾಫಿನಲ್ಲಿ ನಡುವಿನ ಉದ್ದ ಮುಳ್ಳು ಗುಂಡಿ ಒತ್ತುವವರೆಗೆ ಹನ್ನೆರಡರ ಮೇಲೆ ಸುಮ್ಮನೆ ನಿಂತಿರುತ್ತದೆ. ದಿನನಿತ್ಯದ ಸೆಕೆಂಡು ಒಂದು ಪುಟ್ಟ ಡಯಲಿನಲ್ಲಿ, ಸಾಸಿವೆಯಷ್ಟು ಜಾಗದಲ್ಲಿ ಓಡುತ್ತಿರುತ್ತದೆ. ನಾಲ್ಕು ವರ್ಷ ಕಟ್ಟಿದವರಿಗೇ ಅದು ಗೊತ್ತಿರಲಿಲ್ಲ. ಕೊನೆಗೆ ಗೋಡೆ ಗಡಿಯಾರವನ್ನೇ ಇಳಿಸಿ ತಂದು ಮಂಚದ ಮೇಲಿಟ್ಟುಕೊಂಡು ಎಣಿಸಿದೆ. ಅತ್ತೆ ಆ ರಾತ್ರಿ ದಾಟಿದರು. ಗೋಡೆಯ ಮೊಳೆ ಇನ್ನೂ ಸೊಟ್ಟಗೇ ಇದೆ.

ಮಗಳು ನರ್ಸಿಂಗ್ ಓದಲು ಸೇರಿದಾಗ ಇದೆಲ್ಲ ನೆನಪಾಗಿ, ಅವಳಿಗೊಂದು ಕ್ರೋನೋಗ್ರಾಫೇ ಕೊಡಿಸೋಣವೆಂದು ದಾವಣಗೆರೆಗೆ ಕರೆದುಕೊಂಡು ಹೋದೆ. ಅಂಗಡಿಯವರು, “ಲೇಡೀಸ್ ಈ ಕಡೆ ನೋಡ್ರಿ ಅಕ್ಕಾರೆ” ಎಂದು ಬಳೆಯಂಥವು, ಹರಳಿನವು ಹರಡಿದರು. ಚೆಂದವೇನೋ ಹೌದು. “ಸೆಕೆಂಡ್ ಮುಳ್ಳು ಇರೋದು ಇಲ್ವಾ?” ಎಂದಳು ಮಗಳು.

“ಲೇಡೀಸಿಗೆ ಸೆಕೆಂಡ್ ಯಾಕ್ರೀ?”

ನೀವೇ ಹೇಳಿ. ಹಾಲುಕ್ಕುವುದು, ಕುಕ್ಕರಿನ ಸೀಟಿ, ಮಗುವಿನ ಜ್ವರ, ಬಾಣಂತಿಯ ನೋವು, ಇವೆಲ್ಲ ಯಾರ ಲೆಕ್ಕದಲ್ಲಿವೆ?

ಗಂಡಸರ ಕಡೆಯ ಕ್ರೋನೋಗ್ರಾಫುಗಳನ್ನೂ ತೆಗೆಸಿ ನೋಡಿದೆವು. ಹಲವುದರ ಅಂಚಿಗೆ ವೇಗದ ಅಂಕಿಗಳ ಸಾಲು. ಒಂದು ಕಿಲೋಮೀಟರ್ ಕಲ್ಲಿನಲ್ಲಿ ಗುಂಡಿ ಒತ್ತಿ ಮುಂದಿನ ಕಲ್ಲಿನಲ್ಲಿ ನಿಲ್ಲಿಸಿದರೆ ಗಾಡಿಯ ವೇಗ ತೋರಿಸುತ್ತದಂತೆ. 36 ಸೆಕೆಂಡಾದರೆ ಗಂಟೆಗೆ 100 ಕಿಲೋಮೀಟರು. ಸಾಮಾನ್ಯವಾಗಿ ಆ ಸಾಲು 60ಕ್ಕೆ ಮುಗಿಯುತ್ತದೆ. ನಾವು ಬಂದ ಬಸ್ಸು ಐವತ್ತರಲ್ಲಿ ಓಡಿದ್ದರೂ 72 ಸೆಕೆಂಡು ಬೇಕು. ಅದಕ್ಕೆ ಆ ವಾಚಿನಲ್ಲಿ ಜಾಗವೇ ಇಲ್ಲ! ಹಿಂದೆ ಸ್ವಿಸ್ ಕಂಪನಿಗಳು ವೈದ್ಯರಿಗೆಂದೇ ನಾಡಿಯ ಅಂಕಿಗಳಿರುವ ಕ್ರೋನೋಗ್ರಾಫು ಮಾಡುತ್ತಿದ್ದವು. ಡಯಲಿನ ಮೇಲೆ ಹೇಳಿದಂತೆ 15 ಅಥವಾ 30 ಬಡಿತ ಎಣಿಸಿ ನಿಲ್ಲಿಸಿದರೆ, ನಿಮಿಷಕ್ಕೆಷ್ಟು ಎಂಬುದನ್ನು ಮುಳ್ಳೇ ತೋರಿಸುತ್ತಿತ್ತು. ಅಂಥದು ನಮ್ಮ ಅಂಗಡಿಗಳಲ್ಲಿ ಎಲ್ಲಿ? 1961ರಲ್ಲಿ ಬೆಂಗಳೂರಿನಲ್ಲಿ ವಾಚು ಶುರುಮಾಡಿದ ನಮ್ಮ ಎಚ್‌ಎಂಟಿ, ಕಣ್ಣು ಕಾಣದವರು ಮುಟ್ಟಿ ತಿಳಿಯುವ ಬ್ರೈಲ್ ವಾಚನ್ನೂ ಮಾಡಿತ್ತು. ಕಟ್ಟಿಕೊಳ್ಳುವವರಿಗೆ ಏನು ಬೇಕೆಂದು ಯೋಚಿಸಿ ಮಾಡಿದ ವಾಚು ಎಂದರೆ ಅದು. 2016ರಲ್ಲಿ ಆ ವಾಚು ಕಂಪನಿಯನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು.

ಕ್ರೋನೋಗ್ರಾಫೇ ಬೇಕೆನ್ನುವವರು ಅಂಗಡಿಯಲ್ಲೇ ಗುಂಡಿ ಒತ್ತಿ ನೋಡಿ. ಉದ್ದ ಮುಳ್ಳು ಸರಿಯಾಗಿ ಹನ್ನೆರಡಕ್ಕೇ ಮರಳಬೇಕು. ಪುಟ್ಟ ಡಯಲಿನ ಅಂಕಿ ಕನ್ನಡಕವಿಲ್ಲದೆ ಕಾಣದಿದ್ದರೆ ಬಿಟ್ಟುಬಿಡಿ. ಕೈ ನೀರಿನಲ್ಲಿದ್ದಾಗ ಗುಂಡಿಯ ತಂಟೆ ಬೇಡ.

ಮಗಳು ಒಂದನ್ನು ಕಟ್ಟಿ ನೋಡಿ, “ಭಾರ ಆಗ್ತದಮ್ಮ” ಎಂದು ಬಿಚ್ಚಿಟ್ಟಳು. ಅವಳು ಆರಿಸಿದ್ದು ಬಿಳಿ ಡಯಲು, ಕಪ್ಪು ಅಂಕಿ, ಉದ್ದನೆಯ ಕೆಂಪು ಸೆಕೆಂಡಿನ ಮುಳ್ಳಿನ ಸಾದಾ ವಾಚು. ಅಲ್ಲೇ ನಿಂತು ನನ್ನ ಮಣಿಕಟ್ಟು ಹಿಡಿದು, “ಮಾತಾಡಬೇಡ” ಎಂದು ಪೂರ್ತಿ ಒಂದು ನಿಮಿಷ ಎಣಿಸಿದಳು. ಅಂಗಡಿಯವರು ಬಿಲ್ಲಿನಲ್ಲಿ “ಜೆಂಟ್ಸ್ ವಾಚು, 1” ಎಂದು ಬರೆದುಕೊಟ್ಟರು.