ಶೆಡ್ಡಿನಲ್ಲಿ ಕಟ್ಟಿದ ಪ್ರೆಸ್ಸಿಗೆ ಎಷ್ಟು ಟನ್?

ನಮ್ಮ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಹೈಡ್ರಾಲಿಕ್ ಪ್ರೆಸ್ಸನ್ನು ಕೊಳ್ಳದೆ ತಾವೇ ಕಟ್ಟಿಕೊಳ್ಳುವವರು ಬಹಳ ಮಂದಿ. ಲಾರಿ ಎತ್ತುವ ಬಾಟಲ್ ಜಾಕ್, ಗುಜರಿಯಲ್ಲಿ ಆರಿಸಿ ತಂದ ಸಿ-ಚಾನೆಲ್, ಎರಡು ಸ್ಪ್ರಿಂಗು, ಉಳಿದದ್ದು ವೆಲ್ಡಿಂಗ್. ಈ ರೂಢಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಪೆಟ್ಟು ಬಾಲುಗಳ ಮೂಲಕ ಹಾದು ರೇಸಿನಲ್ಲಿ ಗುಳಿ ಬೀಳುತ್ತದೆ. ಪ್ರೆಸ್ಸಿನಲ್ಲಿ ಸರಿಯಾದ ರಿಂಗನ್ನು ಹಿಡಿದು ಒತ್ತಿದರೆ ಆ ಕಾಟವೇ ಇಲ್ಲ. ಬುಷ್ ಕೂರಿಸುವುದಕ್ಕೂ ಬಾಗಿದ ಶಾಫ್ಟ್ ನೇರ ಮಾಡುವುದಕ್ಕೂ ಅದೇ ಯಂತ್ರ.

ನನ್ನ ತಕರಾರು ಒಂದೇ. ಇದು ಎಷ್ಟು ಟನ್ನಿನದು ಎಂದು ಕೇಳಿದರೆ ಕಟ್ಟಿದವರು ಜಾಕಿನ ಮೇಲಿನ ಚೀಟಿ ತೋರಿಸುತ್ತಾರೆ. ಜಾಕನ್ನು ಅನುಮಾನಿಸಬೇಕಾಗಿಲ್ಲ, 1795ರಲ್ಲಿ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ ಕಾಲದಿಂದಲೂ ಎಣ್ಣೆ ಅಥವಾ ನೀರಿನ ಒತ್ತಡ ತನ್ನ ಪಾಲಿನ ಕೆಲಸ ಮಾಡುತ್ತಲೇ ಬಂದಿದೆ. ಆದರೆ ಕೆಲಸದ ತುಂಡಿನ ಮೇಲೆ ಬೀಳುವಷ್ಟೇ ಭಾರ ಅದನ್ನು ಹೊತ್ತ ಬೆಡ್ಡಿನ ಮೇಲೂ ಬೀಳುತ್ತದೆ, ಎರಡು ಬದಿಯ ಕಂಬಗಳನ್ನೂ ಎಳೆಯುತ್ತದೆ.

ಲೆಕ್ಕ ಹಾಕಿ ನೋಡೋಣ. ಕಂಬಗಳ ನಡುವೆ 600 ಮಿ.ಮೀ. ಅಂತರ, ನಟ್ಟನಡುವೆ 20 ಟನ್ ಭಾರ. ಬೆಡ್ಡಿಗೆ 100 ಮಿ.ಮೀ. ಚಾನೆಲ್ ಎರಡು ಹಾಕಿದರೆ ಉಕ್ಕಿನಲ್ಲಿ ಹುಟ್ಟುವ ಒತ್ತಡ ಚದರ ಮಿ.ಮೀ.ಗೆ 390 ನ್ಯೂಟನ್ ದಾಟುತ್ತದೆ. ಸಾಮಾನ್ಯ ಎಂ.ಎಸ್. (ಮೈಲ್ಡ್ ಸ್ಟೀಲ್) 250ಕ್ಕೇ ಶಾಶ್ವತವಾಗಿ ಬಗ್ಗುತ್ತದೆ. ಅಂದರೆ ಸುಮಾರು 12 ಟನ್ನಿಗೇ ಆ ಬೆಡ್ಡಿನ ಕಥೆ ಮುಗಿಯಿತು. ಅದೇ ಅಂತರಕ್ಕೆ 150 ಮಿ.ಮೀ. ಚಾನೆಲ್ ಎರಡು ಹಾಕಿದರೆ ಒತ್ತಡ 140ರ ಆಸುಪಾಸಿಗೆ ಇಳಿಯುತ್ತದೆ. ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಇವೆರಡರ ನಡುವಿನ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಹಳೆಯ ಪ್ರೆಸ್ಸೊಂದರ ಬೆಡ್ಡಿನ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿಗೆ ನಿಲ್ಲಿಸಿ ನೋಡಿ. ನಡುವೆ ಬೆಳಕು ತೂರಿ ಬಂದರೆ ಆ ಚೌಕಟ್ಟು ತನ್ನ ತಾಕತ್ತು ಮೀರಿ ದುಡಿದಿದೆ.

ಪಿನ್ನುಗಳ ವಿಷಯವೂ ಹಾಗೆಯೇ. ಬೆಡ್ಡನ್ನು ಎರಡು ಬದಿಯಲ್ಲಿ ಹೊತ್ತ ಪಿನ್ನು ಎಂ.ಎಸ್. ಆಗಿದ್ದು 20 ಮಿ.ಮೀ. ದಪ್ಪವಿದ್ದರೆ, ಎರಡು ಕಡೆ ಕತ್ತರಿಸುವಂತೆ ಆಸರೆ ಇದ್ದರೂ 20 ಟನ್ನಿಗೆ ಸಾಲದು. 25 ಮಿ.ಮೀ. ಇದ್ದರೆ ಉಸಿರಾಡಲು ಒಂದಿಷ್ಟು ಜಾಗ ಇರುತ್ತದೆ. ಮೇಲಿನ ಅಡ್ಡ ಚಾನೆಲ್ಲನ್ನು ಬರೀ ವೆಲ್ಡಿಂಗಿನಲ್ಲಿ ನೇತು ಹಾಕುವುದಂತೂ ನನಗೆ ಒಪ್ಪಿಗೆಯಿಲ್ಲ. ಕಂಬದ ಮೂಲಕ ತೂತು ಕೊರೆದು ಬೋಲ್ಟ್ ಹಾಕಿ, ವೆಲ್ಡಿಂಗು ಅಲುಗಾಡದಂತೆ ಹಿಡಿಯುವುದಕ್ಕಷ್ಟೇ ಇರಲಿ. ಬಾಟಲ್ ಜಾಕನ್ನು ತಲೆಕೆಳಗೆ ಕಟ್ಟುವವರೂ ಇದ್ದಾರೆ. ಪಂಪು ಎಣ್ಣೆಯ ಬದಲು ಗಾಳಿ ಎಳೆದುಕೊಂಡು ರ‍್ಯಾಮ್ ಚಲಿಸುವುದೇ ಇಲ್ಲ. ಜಾಕನ್ನು ನೆಟ್ಟಗೆ ಜಾರುವ ಹಲಗೆಯ ಮೇಲಿಟ್ಟು, ಅದರ ತಲೆ ಮೇಲಿನ ಚಾನೆಲ್ಲಿಗೆ ಒತ್ತುವಂತೆ ಮಾಡುವುದು ಜಾಣ ವಿನ್ಯಾಸ. ಸ್ಪ್ರಿಂಗು ಹಲಗೆಯನ್ನು ವಾಪಸ್ ಎಳೆಯುತ್ತದೆ. ಇಂಥದ್ದನ್ನು ಕಂಡಾಗ ಮೇಸ್ತ್ರಿಗೆ ಕೈ ಮುಗಿಯಬೇಕೆನ್ನಿಸುತ್ತದೆ.

ಬಹುತೇಕ ಪ್ರೆಸ್ಸುಗಳಲ್ಲಿ ಇಲ್ಲದ್ದು ಗೇಜು ಮತ್ತು ಮುಂದಿನ ತಡೆ. ಬೇರಿಂಗಿನ ಹೊರ ರಿಂಗು ಗಟ್ಟಿ ಉಕ್ಕು. ಓರೆಯಾಗಿ ಸಿಕ್ಕಿ ಸಿಡಿದರೆ ಚೂರುಗಳು ಜಾಕಿನ ಹಿಡಿ ತಳ್ಳುತ್ತಿರುವ ಹುಡುಗನ ಮುಖದ ಎತ್ತರಕ್ಕೇ ಹಾರುತ್ತವೆ. ಕಂಬಗಳಿಗೆ ಕೊಂಡಿ ಹಾಕಿ ದಪ್ಪ ತಗಡಿನ ಬಾಗಿಲು ತೂಗಿಸಲು ಹೆಚ್ಚು ಖರ್ಚಿಲ್ಲ. ಗೇಜಿಗೆ ಪ್ರತ್ಯೇಕ ಕೈ ಪಂಪು, ಸಿಲಿಂಡರು ಬೇಕು, ದುಡ್ಡು ಹೆಚ್ಚು. ಆದರೂ ಖರ್ಚು ಮಾಡಬೇಕಾದ ಜಾಗ ಅದೇ. 50 ಮಿ.ಮೀ. ರ‍್ಯಾಮಿಗೆ 500 ಬಾರ್ ಎಂದರೆ ಸರಿಸುಮಾರು 10 ಟನ್. 100ರ ಚಾನೆಲ್ ಹಾಕಿದವರು ಆ ಗುರುತಿಗೂ ಬಹಳ ಕೆಳಗೇ, 7 ಟನ್ನಿನ ಸುತ್ತ, ಗೇಜಿನ ಮೇಲೆ ಕೆಂಪು ಗೀಟು ಎಳೆದು, ಚೌಕಟ್ಟಿನ ಮೇಲೂ ಅದೇ ಅಂಕಿಯನ್ನು ಪೇಂಟಿನಲ್ಲಿ ಬರೆಯಲಿ.